ಕಲ್ಲು ತೊಳೆದ ನೀರು

ತೊರಿಬಿಯೊನ ಹೇಸರಗತ್ತೆ ಸಂಜೆ ಒಂಟಿಯಾಗಿ ಊರು ಸೇರಿತು. ಬೆನ್ನ ಮೇಲಿನ ಜೀನು ಹೊಟ್ಟೆಯ ಕೆಳಕ್ಕೆ ಜಾರಿತ್ತು, ಮಂಡಿ ತರಚಿ ರಕ್ತ ಹೆಪ್ಪುಗಟ್ಟಿತ್ತು, ಉಪ್ಪಿನ ಮೂಟೆ ಒಂದೂ ಇರಲಿಲ್ಲ. ಆ ಹೊತ್ತಿಗೆ ಫಾನಿಯಾ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬೇಯಿಸುತ್ತಿದ್ದಳು. ಸುದ್ದಿ ತಂದ ತಮ್ಮ ಗೌದೆನ್ಸಿಯೊ ಬಾಗಿಲಲ್ಲೇ ನಿಂತು, "ಉಪ್ಪಿನ ತೊರಿಬಿಯೊ ಎಲ್ಲೋ ಬಿದ್ದಿದ್ದಾನೆ ಅಕ್ಕಾ. ಪ್ರಾಣಿ ಬಂತು, ಮನುಷ್ಯ ಬರ್ಲಿಲ್ಲ" ಎಂದ. ಕಾವಲಿಯ ಅಂಚಿನ ಮೇಲಿದ್ದ ಅವಳ ಬೆರಳು ಹಾಗೆಯೇ ಇತ್ತು. ಚರ್ಮ ಚುರುಗುಟ್ಟಿದ ಮೇಲೆಯೇ ಎಳೆದುಕೊಂಡಳು.

"ಎಲ್ಲಿ ಹುಡುಕ್ತಿದ್ದಾರೆ?"

"ಸಮುದ್ರದ ದಾರೀಲಿ. ಇನ್ನೆಲ್ಲಿ ಹುಡುಕ್ತಾರೆ?"

"ಹಳೇ ಸುಣ್ಣದ ಗೂಡಿನ ಕಡೆ ನೋಡಿದ್ರಾ?"

ಗೌದೆನ್ಸಿಯೊ ನಕ್ಕುಬಿಟ್ಟ. "ನಿನಗೇನು ಜ್ವರ ಬಂದಿದ್ಯಾ? ಕನ್ನೆಬಳ್ಳಿ ಹಬ್ಬಿರೋ ಜಾಗಕ್ಕೆ ಗಂಡಸು ಕಾಲಿಡ್ತಾನಾ? ಇಟ್ಟೋನಿಗೆ ಹುಚ್ಚು ಹಿಡಿಯತ್ತೆ ಅಂತ ಚಿಕ್ಕಂದಿನಲ್ಲಿ ನನ್ನ ಹೆದರ್ಸಿದ್ದು ನೀನೇ ಅಲ್ವಾ?"

ಫಾನಿಯಾ ರೊಟ್ಟಿ ಮಗುಚಿದಳು. ಹೆದರಿಸಿದ್ದು ನಿಜ. ಆದರೆ ತೊರಿಬಿಯೊ ಎರಡು ವರ್ಷದಿಂದ ಆ ಜಾಗಕ್ಕೆ ಕಾಲಿಡುತ್ತಿದ್ದ, ಅವನಿಗೆ ಯಾವ ಹುಚ್ಚೂ ಹಿಡಿದಿರಲಿಲ್ಲ. ಕರಾವಳಿಯಿಂದ ಉಪ್ಪು ಹೊತ್ತು ಬರುವಾಗಲೆಲ್ಲ ಊರು ಸೇರುವ ಮೊದಲು ದಾರಿ ಬಿಟ್ಟು ಆ ಕಡೆ ತಿರುಗುತ್ತಿದ್ದ. ಅವಳು ಬಳ್ಳಿ ನೋಡುವ ನೆಪದಲ್ಲಿ ಅಲ್ಲಿ ಕಾದಿರುತ್ತಿದ್ದಳು. ಅದರ ಫಲವಾಗಿ ಈಗ ಅವಳ ಹೊಟ್ಟೆಯಲ್ಲಿ ಮೂರು ತಿಂಗಳು ದಾಟಿದ ಕೂಸಿತ್ತು. ಅದು ಊರಿಗೂ ಗೊತ್ತಿರಲಿಲ್ಲ, ತಮ್ಮನಿಗೂ ಗೊತ್ತಿರಲಿಲ್ಲ. ಈ ಸಲ ಬಂದಾಗ ತೊರಿಬಿಯೊಗೆ ಹೇಳಬೇಕು ಎಂದುಕೊಂಡಿದ್ದಳು.

ಬೇರೆ ಹೆಂಗಸಾಗಿದ್ದರೆ ಊರು ಒಂದು ವಾರ ಬಾಯಿ ಚಪ್ಪರಿಸಿ, ಆಮೇಲೆ ಪಾದ್ರಿಯನ್ನು ಕರೆಸಿ ಮದುವೆ ಮಾಡಿಸಿ, ಕೋಳಿ ತಿಂದು ಕೈ ತೊಳೆದುಕೊಳ್ಳುತ್ತಿತ್ತು. ತೊರಿಬಿಯೊ ಹೆಂಡತಿ ಸತ್ತವನು, ಇವಳು ಮದುವೆಯಾಗದವಳು. ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. ಆದರೆ ಫಾನಿಯಾ ಸಾನ್ ಗಾಸ್ಪಾರ್ ಊರಿನ ಅರೆಯುವವಳು.

ಕನ್ನೆಬೀಜವನ್ನು ಕನ್ನೆಯೇ ಅರೆಯಬೇಕು. ಮೇರಿಯಮ್ಮನ ಬೀಜ ಅದು, ಗಂಡಿನ ವಾಸನೆ ತಾಗಿದ ಕೈ ಅರೆದರೆ ಸುಳ್ಳು ಹೇಳುತ್ತದೆ, ಕುಡಿದವರ ತಲೆ ಕೆಡಿಸುತ್ತದೆ ಎಂಬುದು ಊರಿನ ನಂಬಿಕೆ. ಬೆಳಗ್ಗೆ ನೀಲಿಯಾಗಿ ಅರಳಿ ಮಧ್ಯಾಹ್ನಕ್ಕೆ ಮುದುಡುವ ಹೂವಿನ ಬಳ್ಳಿಯಿಂದ ಕಪ್ಪು ಬೀಜ, ಅದು ಗಂಡಸರಿಗೆ. ಬಿಳಿ ಹೂವಿನದರಿಂದ ದುಂಡನೆಯ ಕಂದು ಬೀಜ, ಅದು ಹೆಂಗಸರಿಗೆ. ಎರಡೂ ಬಳ್ಳಿ ಹಬ್ಬಿದ್ದು ಸುಣ್ಣದ ಗೂಡಿನ ಹಾಳುಗೋಡೆಯ ಮೇಲೆ. ಅರೆಯುವವಳನ್ನು ಬಿಟ್ಟು ಬೇರೆ ಯಾರೂ ಅತ್ತ ಸುಳಿಯುವಂತಿರಲಿಲ್ಲ. ಕಳೆದುಹೋದದ್ದು ಎಲ್ಲಿದೆ, ಬಿಡದ ರೋಗ ಯಾವುದರಿಂದ ಬಂತು ಎಂದು ತಿಳಿಯಬೇಕಾದಾಗ ಊರು ಬೀಜವನ್ನು ಕೇಳುತ್ತಿತ್ತು. ಕುಡಿದವರು ಕಣ್ಣು ಮುಚ್ಚಿ ಮಲಗಿ, ಅರೆನಿದ್ದೆಯಲ್ಲಿ ಮಾತಾಡುತ್ತಿದ್ದರು. ಪಕ್ಕದಲ್ಲಿ ಕೂತವರು ಕೇಳಿಸಿಕೊಳ್ಳುತ್ತಿದ್ದರು.

ಫಾನಿಯಾಳನ್ನು ಈ ಕೆಲಸಕ್ಕೆ ಆರಿಸಿದಾಗ ಅವಳಿಗೆ ಹನ್ನೊಂದು ವರ್ಷ. ಇಪ್ಪತ್ತು ದಾಟಿದಾಗ ಒಳ್ಳೆಯ ಸಂಬಂಧವೊಂದು ಬಂತು. ಹಿರಿಯರು, "ಇದೊಂದು ವರ್ಷ ಇರ್ಲಿ, ಬೇರೆ ಹುಡುಗೀನ ನೋಡ್ತೀವಿ" ಎಂದರು. ಮುಂದಿನ ವರ್ಷವೂ ಅದನ್ನೇ ಅಂದರು. ಹುಡುಗ ಕಾದು ಕಾದು ಕಬ್ಬು ಕಡಿಯಲು ಹೋದವನು ಅಲ್ಲೇ ಒಬ್ಬಳನ್ನು ಕಟ್ಟಿಕೊಂಡ. ಹಬ್ಬದಲ್ಲಿ ಮೊದಲ ರೊಟ್ಟಿ ಫಾನಿಯಾಳಿಗೆ, ಮೆರವಣಿಗೆಯಲ್ಲಿ ಮುಂದಿನ ಜಾಗ ಅವಳಿಗೆ. ಅವಳ ಮನೆಗೆ ಹರಟೆಗೆಂದು ಮಾತ್ರ ಯಾರೂ ಬರುತ್ತಿರಲಿಲ್ಲ. ಊರು ಅವಳನ್ನು ತಲೆಯ ಮೇಲೆ ಹೊತ್ತಿತ್ತು, ಕೆಳಗಿಳಿಸುವುದನ್ನು ಮರೆತೇಬಿಟ್ಟಿತ್ತು. ಈಗ ನಲವತ್ತು ಹತ್ತಿರವಾಗಿತ್ತು.

ಕತ್ತಲಾಗುವ ಮೊದಲೇ ಅವಳ ಹೊಸಿಲ ಮೇಲೆ ಹಚ್ಚಿದ ಮೇಣದಬತ್ತಿ ಬಂದು ಕೂತಿತು. ಕಳಿಸಿದವಳು ರುಫೀನಾ ಅಜ್ಜಿ. ಊರಿಗೆ ಸೂಲಗಿತ್ತಿಯೂ ಅವಳೇ, ಬೀಜ ಕೊಡುವವಳೂ ಅವಳೇ. ಬತ್ತಿ ಬಂತೆಂದರೆ ಅರೆಯುವವಳು ಹೊಸಿಲು ದಾಟುವಂತಿಲ್ಲ, ಗಂಡಸರೊಡನೆ ಮಾತಾಡುವಂತಿಲ್ಲ, ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕುವಂತಿಲ್ಲ. ಕಾವಲಿಗೆ ಇಬ್ಬರು ವಿಧವೆಯರು ಬಂದು ಚಾಪೆ ಹಾಸಿಕೊಂಡರು.

"ಹಿಲಾರಿಯಾ ಅಮ್ಮನೇ ಕುಡೀತಾಳಂತೆ," ಎಂದಳು ಒಬ್ಬಳು. "ಇರೋ ಒಬ್ಬ ಮಗ ತೊರಿಬಿಯೊ, ಪಾಪ. ನೀನು ಚೆನ್ನಾಗಿ ಅರೆದುಕೊಡಮ್ಮ."

ಆ ರಾತ್ರಿ ಫಾನಿಯಾಳ ರೆಪ್ಪೆ ಅಂಟಲಿಲ್ಲ. ಅವನು ಗೂಡಿನ ಬಳಿಯೇ ಬಿದ್ದಿದ್ದಾನೆಂದು ಅವಳಿಗೆ ಹೆಚ್ಚುಕಡಿಮೆ ಗೊತ್ತಿತ್ತು. ಕಾವಲಿನ ಹೆಂಗಸರನ್ನು ಎಬ್ಬಿಸಿ ಒಂದು ಮಾತು ಹೇಳಿದ್ದರೆ ಆಗಿಹೋಗುತ್ತಿತ್ತು. ಬಾಯಿ ತೆರೆದಳು, ಮುಚ್ಚಿದಳು. ಸಮುದ್ರದ ದಾರಿಯಲ್ಲೇ ಸಿಕ್ಕಿದರೂ ಸಿಗಬಹುದು. ನಾನು ಹೇಳುವುದಕ್ಕಿಂತ ಬೀಜವೇ ಹೇಳಿದರೆ ಒಳ್ಳೆಯದಲ್ಲವೇ? ಬೆಳಗಿನವರೆಗೂ ಹೀಗೆ ತನ್ನನ್ನು ತಾನೇ ನಂಬಿಸಿಕೊಂಡಳು. ಹೇಡಿತನಕ್ಕೆ ರಾತ್ರಿಯಿಡೀ ಕಾರಣಗಳು ಸಿಗುತ್ತಲೇ ಇರುತ್ತವೆ.

ಮಧ್ಯಾಹ್ನ ಗಂಡಸರು ಬರಿಗೈಯಲ್ಲಿ ವಾಪಸ್ಸು ಬಂದರು. ಕಣಿವೆಯವರೆಗೂ ಹೋಗಿದ್ದರು, ಕೂಗಿ ಕೂಗಿ ಗಂಟಲು ಕಟ್ಟಿತ್ತು. ಇನ್ನು ಉಳಿದದ್ದು ಬೀಜ ಮಾತ್ರ.

ಊರು ಸದ್ದಡಗಿಸಲು ಶುರುಮಾಡಿತು. ಕುಡಿದವರ ಕಿವಿಗೆ ಒಂದು ಹುಂಜದ ಕೂಗು ಬಿದ್ದರೂ ಬೀಜ ಬಾಯಿ ಮುಚ್ಚಿಕೊಳ್ಳುತ್ತದೆ. ಹುಂಜಗಳ ಮೇಲೆ ಬುಟ್ಟಿ ಕವುಚಿದರು, ನಾಯಿಗಳನ್ನು ಹೊಳೆಯಾಚೆ ಕಟ್ಟಿ ಬಂದರು, ಇಗರ್ಜಿಯ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿದರು. ಟರ್ಕಿ ಕೋಳಿಗಳು ಮಾತ್ರ ಯಾರ ಮಾತೂ ಕೇಳದ ಜಾತಿ. ಅವುಗಳ ಹಿಂದೆ ಓಡಿ ಓಡಿ ಗೌದೆನ್ಸಿಯೊ ಬೆವೆತುಹೋಗಿದ್ದ. ಬೇರೆ ದಿನವಾಗಿದ್ದರೆ ಫಾನಿಯಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಹಿಲಾರಿಯಾಳ ಮನೆಯ ಹಿಂದಿನ ಅಡುಗೆ ಗುಡಿಸಲಿಗೆ ಅವಳನ್ನು ಕರೆತಂದರು. ಅವಳದೇ ಅರೆಕಲ್ಲನ್ನು ಹೊತ್ತು ತಂದು ಇಟ್ಟಿದ್ದರು. ಒಳಗೆ ಧೂಪದ ಹೊಗೆ, ರುಫೀನಾ ಅಜ್ಜಿ, ಅವಳು, ಅಷ್ಟೇ.

ಅಜ್ಜಿ ಸೋಡಾ ಬಾಟಲಿಯ ಮುಚ್ಚಳದಲ್ಲಿ ಕಂದು ಬೀಜ ಅಳೆದು ಕಲ್ಲಿನ ಮೇಲೆ ಸುರಿದಳು. ಆ ಮುಚ್ಚಳವೇ ಅವಳ ತಕ್ಕಡಿ. ಮುಚ್ಚಳ ತುಂಬಿದರೆ ಮಾತು ಬರುತ್ತದೆ, ತುಂಬಿ ಮೇಲೆ ರಾಶಿಯಾದರೆ ಬರೀ ವಾಂತಿ, ಅರ್ಧವಾದರೆ ನೋವು ಮರೆಸುವ ಮಂಪರು. ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೂ ಅಷ್ಟೇ ಅರ್ಧ. ಗರ್ಭಕೋಶ ಮುಷ್ಟಿಯಂತೆ ಬಿಗಿಯುತ್ತದೆ. ತಣ್ಣೀರಿನಲ್ಲೇ ನೆನೆಸಬೇಕು, ಬಿಸಿ ತಾಗಿದರೆ ಬೀಜ ಸತ್ತುಹೋಗುತ್ತದೆ. ಇದೆಲ್ಲ ಫಾನಿಯಾಳಿಗೂ ಗೊತ್ತಿದ್ದದ್ದೇ.

ಮಂಡಿಯೂರಿ ಅರೆಯತೊಡಗಿದಳು. ಮೊದಲು ಬೀಜ ಕಟಕಟ ಎಂದು ಜಾರಿದವು, ಆಮೇಲೆ ಸಿಪ್ಪೆ ಒಡೆದು ಹಿಟ್ಟಾಗತೊಡಗಿದವು. ಒಂದೊಂದು ಸಲ ಮುಂದಕ್ಕೆ ಬಾಗಿದಾಗಲೂ ಕೆಳಹೊಟ್ಟೆ ಬಿಗಿಯುತ್ತಿತ್ತು. ಅವಳ ಭಯ ಅರೆಯುವುದಲ್ಲ, ಅರೆದ ಮೇಲಿನದು. ಹಿಟ್ಟು ತೆಗೆದ ಮೇಲೆ ಕಲ್ಲನ್ನು ತೊಳೆದ ನೀರನ್ನು ಅರೆದವಳೇ ಮೊದಲು ಕುಡಿಯಬೇಕು. ಏನೂ ಕೆಟ್ಟದ್ದು ಬೆರೆಸಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಅವಳು ಎಷ್ಟೋ ಸಲ ಕುಡಿದಿದ್ದಳು. ಕೈಕಾಲು ಭಾರವಾಗುತ್ತಿತ್ತು, ಓಕರಿಕೆ ಬರುತ್ತಿತ್ತು, ಹೊಟ್ಟೆ ಹಿಂಡುತ್ತಿತ್ತು, ಮುಟ್ಟು ದಿನಕ್ಕೆ ಮುಂಚೆಯೇ ಬಂದುಬಿಡುತ್ತಿತ್ತು. ಬಸಿರಾದ ಮೇಲೆ ಇದೇ ಮೊದಲ ಬಾರಿ.

ಅಜ್ಜಿ ಹಿಟ್ಟನ್ನು ಬಟ್ಟೆಗೆ ಬಳಿದುಕೊಂಡು, ಸೋರೆಬುರುಡೆಯ ತಣ್ಣೀರಿನಲ್ಲಿ ಅದ್ದಿಟ್ಟಳು. ಆಮೇಲೆ ಕಲ್ಲಿನ ಮೇಲೆ ನೀರು ಸುರಿದು ಕೈಯಿಂದ ಉಜ್ಜಿ, ಕಂದು ನೀರನ್ನು ಇನ್ನೊಂದು ಬುರುಡೆಗೆ ಹಿಡಿದಳು. ಹಿಡಿದವಳು ಬಟ್ಟೆಯನ್ನೂ ಅದರೊಳಕ್ಕೆ ಒಂದು ಸಲ ಹಿಂಡಿದಳು.

"ಅದ್ಯಾಕೆ ಅಜ್ಜಿ ಹಿಂಡ್ತೀರಾ?" ಎಂದಳು ಫಾನಿಯಾ.

ರುಫೀನಾ ಅವಳ ಹೊಟ್ಟೆಯ ಕಡೆ ನೋಡಿ, ಮುಖದ ಕಡೆ ನೋಡಿದಳು. "ಊರಿನ ಅರ್ಧ ಜನರ ಹೊಕ್ಕುಳು ಕತ್ತರ್ಸಿರೋ ಕೈ ಇದು. ನಿನ್ನ ನಡಿಗೆ ನೋಡಿದ್ರೆ ನಂಗೆ ಗೊತ್ತಾಗಲ್ವಾ ಮಗಾ? ಹೆದರ್ಬೇಡ. ಕುಡ್ದುಬಿಡು. ನಾಳಿದ್ದರ ಹೊತ್ಗೆ ಎಲ್ಲ ತೊಳೆದುಹೋಗತ್ತೆ. ಬೀಜದ ಭಾರ ತಾಗಿದೆ, ವಾರ ಮಲಗ್ಲಿ ಅಂತ ನಾನೇ ಹೇಳ್ತೀನಿ."

"ನಾನು ಅರೆದದ್ದು ಸುಳ್ಳು ಹೇಳಲ್ವಾ?"

"ಬೀಜಕ್ಕೆ ಅದೆಲ್ಲ ಗೊತ್ತಾಗಲ್ಲ ಕಣೇ, ಊರಿಗೆ ಗೊತ್ತಾಗತ್ತೆ." ಅಜ್ಜಿಯ ಧ್ವನಿಯಲ್ಲಿ ನಿಜವಾಗಿಯೂ ಮಮತೆಯಿತ್ತು. "ಈ ನೀರು ಕುಡಿಸೋ ಪದ್ಧತಿ ಯಾಕೆ ಇಟ್ರು ಅಂದ್ಕೊಂಡೆ? ನಿನ್ನ ಮುಂಚಿನೋರೂ ಹೀಗೇ ಬಚಾವಾದ್ರು. ನೀನೇ ಹೋದ ಕೊಯ್ಲಿನ ಹೊತ್ತಲ್ಲಿ ಕುಡ್ದು, ರಕ್ತ ಹೋಗಿ ಹೋಗಿ ಮೇಲೇಳಕ್ಕಾಗ್ದೆ ಮಲಗಿದ್ಯಲ್ಲ. ಯಾರಿಗಾದ್ರೂ ಗೊತ್ತಾಯ್ತಾ?"

ಆ ವಾರ ಫಾನಿಯಾಳಿಗೆ ನೆನಪಿತ್ತು. ಬೀಜದ ಭಾರ ಎಂದೇ ಅವಳೂ ನಂಬಿದ್ದಳು. ರುಫೀನಾ ತಂದುಕೊಟ್ಟ ಗಂಜಿ ಕುಡಿದು ಅಜ್ಜಿಯ ಕೈ ಕಣ್ಣಿಗೊತ್ತಿಕೊಂಡಿದ್ದಳು. ಹಾಗಾದರೆ ಆಗ ಹೋದದ್ದು ಬರೀ ರಕ್ತವಲ್ಲ. ಅದು ತನಗೇ ಗೊತ್ತಿರಲಿಲ್ಲ, ಇವಳಿಗೆ ಗೊತ್ತಿತ್ತು.

"ಆಗ ನೀವು ನನ್ನ ಒಂದು ಮಾತು ಕೇಳ್ಲಿಲ್ಲ," ಎಂದಳು.

"ಕೇಳಿದ್ರೆ ನೀನೇನು ಹೇಳ್ತಿದ್ದೆ?"

ಹೊರಗೆ ಯಾರೋ ಗೋಡೆ ತಟ್ಟಿದರು. ತಡವಾಗುತ್ತಿದೆ ಎಂದು ಅರ್ಥ. ಫಾನಿಯಾ ಎರಡೂ ಬುರುಡೆಗಳನ್ನು ಎತ್ತಿಕೊಂಡು ದೊಡ್ಡ ಮನೆಯೊಳಗೆ ಹೋದಳು. ನೀರು ತುಳುಕಿ ಮಣಿಕಟ್ಟಿನ ಮೇಲೆ ಇಳಿಯುತ್ತಿತ್ತು.

ಹಿಲಾರಿಯಾ ಕತ್ತಲೆ ಮಾಡಿದ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಒಣಗಿದ ಮುದುಕಿ, ಒಂದೇ ರಾತ್ರಿಯಲ್ಲಿ ಇನ್ನಷ್ಟು ಒಣಗಿದ್ದಳು. ತೆರೆದ ಬಾಗಿಲಾಚೆ ಅಂಗಳದಲ್ಲಿ ಹಿರಿಯರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು, ಗೌದೆನ್ಸಿಯೊ ಅವರ ಹಿಂದೆ.

"ಕುಡಿಯಮ್ಮ, ಬೇಗ ಕುಡ್ದು ನಂಗೆ ಕೊಡು," ಎಂದಳು ಹಿಲಾರಿಯಾ. "ನನ್ನ ಮಗ ಬಿಸಿಲಲ್ಲಿ ಒಣಗ್ತಿದ್ದಾನೆ."

ಫಾನಿಯಾ ಬುರುಡೆಯನ್ನು ತುಟಿಯವರೆಗೆ ಎತ್ತಿದಳು. ಮಣ್ಣಿನ, ಕಲ್ಲಿನ, ಬೀಜದ ಕಮಟು ವಾಸನೆ ಮೂಗಿಗೆ ಬಡಿಯಿತು. ಒಂದು ಗುಟುಕು. ಅಷ್ಟಾದರೆ ಊರು ಊರಾಗಿಯೇ ಇರುತ್ತದೆ, ಅವಳು ಅವಳಾಗಿಯೇ ಇರುತ್ತಾಳೆ. ಹೋದ ಸಲ ಯಾರೂ ಕೇಳಿರಲಿಲ್ಲ. ಈ ಸಲ ಅವಳೇ ತನ್ನನ್ನು ಕೇಳಿಕೊಂಡಳು, ಉತ್ತರ ತಕ್ಷಣ ಬಂತು. ಬುರುಡೆಯನ್ನು ಬಗ್ಗಿಸಿ ನೀರನ್ನೆಲ್ಲ ನೆಲಕ್ಕೆ ಸುರಿದಳು.

"ನಾನು ಕುಡಿಯಲ್ಲ ಅಮ್ಮ. ಹೊಟ್ಟೇಲಿ ಮಗು ಇದೆ. ನಿಮ್ಮ ಮಗಂದು." ನಿಲ್ಲಿಸಿದರೆ ಮತ್ತೆ ಶುರುಮಾಡಲಾಗದು ಎಂದು ಅವಳಿಗೆ ಗೊತ್ತಿತ್ತು. "ಅವನು ಸಮುದ್ರದ ದಾರೀಲಿಲ್ಲ, ಸುಣ್ಣದ ಗೂಡಿನ ಹತ್ರ ಇದ್ದಾನೆ. ಪ್ರತಿ ಸಲ ಮೊದ್ಲು ಅಲ್ಲಿಗೇ ಬರೋದು. ನನ್ನ ನೋಡೋಕೆ."

ಹಿಲಾರಿಯಾ ಎದ್ದು ಕೂತಳು, ಗೋಡೆ ಹಿಡಿದು ನಿಂತಳು, ಹತ್ತಿರ ಬಂದಳು.

"ನಿನ್ನೆ ಸಂಜೆಯಿಂದ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಕೆನ್ನೆಗೆ ಬಿದ್ದ ಏಟಿಗೆ ಫಾನಿಯಾಳ ಕಿವಿ ಗುಂಯ್ಗುಟ್ಟಿತು. "ಹೊಟ್ಟೆ ವಿಷ್ಯ ಆಮೇಲೆ," ಎಂದಳು ಮುದುಕಿ. "ಮೊದ್ಲು ದಾರಿ ತೋರ್ಸು."

ಹಿರಿಯರು ಮುಖಮುಖ ನೋಡಿಕೊಂಡರು. ಅವರಲ್ಲೊಬ್ಬ ಗಂಟಲು ಸರಿಮಾಡಿಕೊಂಡು, "ಕನ್ನೆಬಳ್ಳಿ ಇರೋ ಕಡೆ ನಾವು ಹೆಂಗೆ ಬರೋದು ಹಿಲಾರಿಯಾ? ಪೂಜೆ ಮಾಡಿಸ್ದೇ…" ಎಂದ.

"ನೀವು ಪೂಜೆ ಮಾಡಿಸ್ಕೊಂಡು ಕೂತಿರಿ. ಹುಚ್ಚು ಹಿಡಿಯೋದಾದ್ರೆ ನಂಗೆ ಹಿಡೀಲಿ." ಹಿಲಾರಿಯಾ ಮೂಲೆಯಲ್ಲಿದ್ದ ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಫಾನಿಯಾ ಮುಂದೆ, ಮುದುಕಿ ಹಿಂದೆ, ಅವರ ಹಿಂದೆ ಕಾವಲಿಗೆ ಬಂದಿದ್ದ ವಿಧವೆಯರಿಬ್ಬರು. ಗುಡ್ಡದ ತಿರುವಿನಲ್ಲಿ ತಿರುಗಿ ನೋಡಿದಾಗ ಗೌದೆನ್ಸಿಯೊ ದೂರದಲ್ಲಿ ನೀರಿನ ಬುರುಡೆ ಹೊತ್ತು ಬರುತ್ತಿದ್ದ. ಅಕ್ಕನ ಮುಖ ನೋಡುತ್ತಿರಲಿಲ್ಲ. ಆದರೂ ಬರುತ್ತಿದ್ದ.

ಗೂಡು ಕಾಣಿಸುವ ಮೊದಲೇ ಧ್ವನಿ ಕೇಳಿಸಿತು. ಯಾರೋ ಒಂದೇ ಸಮ ಮಾತಾಡುತ್ತಿದ್ದರು. ತೊರಿಬಿಯೊ ಹಳೆಯ ಗೂಡಿನ ಗುಂಡಿಯೊಳಗೆ ಬಿದ್ದಿದ್ದ. ಅಂಚು ಕುಸಿದು, ಮೂಟೆಗಳ ಸಮೇತ ಒಳಗೆ ಹೋಗಿದ್ದ. ಒಂದು ಮೂಟೆ ಅವನ ಕಾಲಿನ ಮೇಲೆಯೇ ಇತ್ತು, ಆ ಕಾಲು ಮಂಡಿಯ ಕೆಳಗೆ ತಿರುಚಿಕೊಂಡು ಕಪ್ಪಗಾಗಿತ್ತು. ನೋವು ತಡೆಯಲಾರದೆ ಕೈಗೆ ಸಿಕ್ಕ ಬಳ್ಳಿಯಿಂದ ಕಪ್ಪು ಬೀಜ ಕಿತ್ತು ಕಿತ್ತು ಅಗಿದಿದ್ದ. ತುಟಿಯ ಮೇಲೆ ಸಿಪ್ಪೆ ಅಂಟಿತ್ತು, ಕಣ್ಣು ಅರ್ಧ ಮುಚ್ಚಿತ್ತು.

"ಅಮ್ಮಂಗೆ ಹೇಳ್ಬೇಕು ಫಾನಿಯಾ," ಎನ್ನುತ್ತಿದ್ದ, ಎದುರಿಗೆ ಯಾರೋ ಕೂತಿರುವಂತೆ. "ಈ ಸಲ ಹೇಳೇಬಿಡ್ತೀನಿ. ಅಮ್ಮ ಬೈತಾಳೆ, ಬೈದು ಅನ್ನ ಹಾಕ್ತಾಳೆ. ನೀನು ಬರ್ತೀಯ ಅಂತ ಗೊತ್ತಿತ್ತು. ಕತ್ಲಾಯ್ತು, ಬೆಳಗಾಯ್ತು. ಇಷ್ಟೊತ್ತು ಯಾಕೆ ಮಾಡ್ದೆ?"

ಫಾನಿಯಾ ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಒಳಕ್ಕೆ ಕೈ ಚಾಚಿದಳು. ಗೌದೆನ್ಸಿಯೊ ಹತ್ತಿರ ಬಂದ. ಬಳ್ಳಿಯ ಮುಂದೆ ಒಂದು ಗಳಿಗೆ ನಿಂತ, ಶಿಲುಬೆಯ ಗುರುತು ಮಾಡಿಕೊಂಡ, ಹಗ್ಗ ಹಿಡಿದು ಒಳಗೆ ಇಳಿದ.

ತೊರಿಬಿಯೊ ಬದುಕಿದ, ಕಾಲು ಉಳಿಯಲಿಲ್ಲ. ಪಟ್ಟಣದ ಆಸ್ಪತ್ರೆಯಲ್ಲಿ ಮಂಡಿಯವರೆಗೆ ತೆಗೆದರು. ಅಲ್ಲಿಂದ ಬಂದ ಮೇಲೆ ಮದುವೆಯಾಯಿತು, ಕೋಳಿಯೂ ಕೊಯ್ದರು, ತಿನ್ನಲು ಬಂದವರು ಕಡಿಮೆ. ಹಿರಿಯರು ಅರೆಕಲ್ಲನ್ನು ಫಾನಿಯಾಳ ಮನೆಗೆ ಸೇರಿಸಬಾರದೆಂದರು. ಸರಿ, ಅದು ಇರುವಲ್ಲೇ ಇರಲಿ ಎಂದು ಹಿಲಾರಿಯಾ ತನ್ನ ಗುಡಿಸಲಲ್ಲೇ ಇಟ್ಟುಕೊಂಡಳು. ಹೊಸ ಹುಡುಗಿಯನ್ನು ಹುಡುಕಿದರು, ಯಾವ ತಾಯಿಯೂ ಕೊಡಲಿಲ್ಲ. ಕಲ್ಲು ತೊಳೆದ ನೀರು ಏನು ಮಾಡುತ್ತದೆ ಎಂದು ಫಾನಿಯಾ ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೆಲ್ಲ ಬಿಡಿಸಿ ಹೇಳಿದ್ದಳು. ಕೇಳಿದ ಮುದುಕಿಯರಲ್ಲಿ, ಹಿಂದೆ ಬೀಜ ಅರೆಯುತ್ತಿದ್ದ ಒಬ್ಬಿಬ್ಬರು ಬಟ್ಟೆ ಅಲ್ಲೇ ಬಿಟ್ಟು ಎದ್ದುಹೋದರು.

ಹಿಲಾರಿಯಾ ಸೊಸೆಯನ್ನು ಕ್ಷಮಿಸಲಿಲ್ಲ. ಮಗನ ಮುಂದೆ ತಟ್ಟೆ ಇಡುವಾಗಲೆಲ್ಲ, "ಒಂದು ರಾತ್ರಿ ಮುಂಚೆ ಬಾಯಿ ಬಿಟ್ಟಿದ್ರೆ ಕಾಲಿರ್ತಿತ್ತು" ಎನ್ನುತ್ತಿದ್ದಳು. ಫಾನಿಯಾ ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಸುಳ್ಳೇನೂ ಅಲ್ಲವಲ್ಲ.

ಮಳೆ ಮುಗಿಯುವ ಹೊತ್ತಿಗೆ ನೋವು ಬಂತು. ನಲವತ್ತರ ಹತ್ತಿರದ ಚೊಚ್ಚಲು, ಒಂದು ಹಗಲೆಲ್ಲ ಹಿಡಿಯಿತು. ಹೆಣ್ಣು ಕೂಸು ಹುಟ್ಟಿ ಅತ್ತಿತು, ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ತಾಯಿಯ ರಕ್ತ ನಿಲ್ಲಲಿಲ್ಲ. ಹಾಸಿದ ಚಾಪೆ ನೆನೆಯಿತು, ಎರಡನೆಯದೂ ನೆನೆಯಿತು. ರುಫೀನಾ ಅಜ್ಜಿ ಸೆರಗಿನಿಂದ ಬೀಜದ ಗಂಟು ಬಿಚ್ಚಿದಳು. ಫಾನಿಯಾ ಬಿಳಿಚಿದ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

"ಇವರ ಕೈಯಿಂದ ಬೇಡ. ಸತ್ರೂ ಬೇಡ."

"ಹಟ ಮಾಡ್ಬೇಡ ಮಗಾ, ಈಗ ಇದೇ ನಿನ್ನ ಉಳ್ಸೋದು," ಎಂದು ರುಫೀನಾ ಅಂಗಲಾಚಿದಳು. ಅವಳು ಹೇಳುತ್ತಿದ್ದದ್ದು ನಿಜವಾಗಿತ್ತು. ಅದು ನಿಜವೆಂದು ಫಾನಿಯಾಳಿಗೂ ಗೊತ್ತಿತ್ತು. ಆದರೂ ಹಲ್ಲು ಕಚ್ಚಿಕೊಂಡಳು.

ಹಿಲಾರಿಯಾ ಕೂಸನ್ನು ಮಗನ ತೊಡೆಯ ಮೇಲೆ ಹಾಕಿದಳು. ರುಫೀನಾಳ ಕೈಯಿಂದ ಬೀಜ, ಮುಚ್ಚಳ ಎರಡನ್ನೂ ಕಿತ್ತುಕೊಂಡಳು. ಹಿಂದಿನ ಗುಡಿಸಲಿಂದ ಅರೆಕಲ್ಲನ್ನು ಉರುಳಿಸಿಕೊಂಡು, ದೂಡಿಕೊಂಡು ಬಂದು ಸೊಸೆಯ ಕಣ್ಣೆದುರೇ ಇಟ್ಟು, ರುಫೀನಾ ಹೇಳಿದಷ್ಟೇ, ಅರ್ಧ ಮುಚ್ಚಳ ಅಳೆದು ಅರೆಯತೊಡಗಿದಳು. ಹೆತ್ತ ಹೊಟ್ಟೆ, ವಿಧವೆಯ ಕೈ. ಆ ಕಲ್ಲು ಅಂಥ ಕೈಯನ್ನು ಎಂದೂ ಕಂಡಿರಲಿಲ್ಲ. ಹಿಟ್ಟನ್ನು ತಣ್ಣೀರಲ್ಲಿ ಕದಡಿ ಸೋಸಿದಳು. ಆಮೇಲೆ ಕಲ್ಲು ತೊಳೆದಳು, ಆ ನೀರನ್ನು ಬುರುಡೆಗೆ ಹಿಡಿದು, ಸೊಸೆ ನೋಡುತ್ತಿರುವಂತೆಯೇ ಕೊನೆಯ ಹನಿಯವರೆಗೂ ತಾನು ಕುಡಿದಳು.

ಮುಖ ಕಿವುಚಿ, ಬಾಯಿ ಒರೆಸಿಕೊಂಡು, ಇನ್ನೊಂದು ಬುರುಡೆಯನ್ನು ಫಾನಿಯಾಳ ತುಟಿಗೆ ಹಿಡಿದಳು.

"ಅರೆದವಳು ನಾನು, ಮೊದ್ಲು ಕುಡಿದವಳೂ ನಾನು. ಈಗ ನೀನು ಕುಡಿ."

ಫಾನಿಯಾ ಬಾಯಿ ತೆರೆದಳು.